ಡಿಸ್ಕ್ ಇಲ್ಲದ ಗಣಕಯಂತ್ರ

ಸೂಳೆಕೆರೆಯ ನೀರು ಗದ್ದೆಗೆ ಬಾರದಿದ್ದರೆ ಚನ್ನಗಿರಿ ಸೀಮೆಯ ರೈತನು ಮೊದಲು ನೆರೆಯ ಗದ್ದೆಯನ್ನು ನೋಡುವನು. ಅಲ್ಲಿಯೂ ನೀರಿಲ್ಲದಿದ್ದರೆ ತೂಬಿನತ್ತ ನಡೆಯುವನು. ಇದ್ದರೆ ತನ್ನ ಮಡೆಯನ್ನು ಪರೀಕ್ಷಿಸುವನು. ಹಾರ್ಡ್ ಡಿಸ್ಕ್ ಇಲ್ಲದ ಗಣಕಯಂತ್ರವು ಚಾಲನೆಗೊಳ್ಳದಿದ್ದಾಗಲೂ ಈ ಕ್ರಮವೇ ಯೋಗ್ಯವಾದುದು. ಅದು ಸರ್ವರಿನಿಂದ ಮೊದಲು ವಿಳಾಸವನ್ನೂ ಅನಂತರ ಚಾಲನೆಯ ಕಡತವನ್ನೂ ಪಡೆದೇ ಕೆಲಸಕ್ಕೆ ತೊಡಗಬೇಕು. ಎಲ್ಲ ಯಂತ್ರಗಳೂ ಒಮ್ಮೆಗೇ ನಿಂತು ತರಗತಿಯ ಪಾಠವೇ ಕೆಟ್ಟರೆ ದೋಷವು ಬಹುಮಟ್ಟಿಗೆ ಸರ್ವರಿನಲ್ಲಿ ಇಲ್ಲವೆ ಸ್ವಿಚ್ಚಿನಲ್ಲಿರುವುದು. ಒಂದೇ ನಿಂತರೆ ಅದರ ಕೇಬಲ್ಲಿನ ತುದಿಯಲ್ಲಿ ದೀಪ ಬೆಳಗುತ್ತಿದೆಯೇ ನೋಡಬೇಕು. ಈ ಕಿರುದೀಪವನ್ನು ಗಮನಿಸದೆ ಯಂತ್ರವನ್ನೇ ಬಿಚ್ಚುವವರುಂಟು! ದೀಪವಿದ್ದೂ ವಿಳಾಸ ದೊರೆಯದಿದ್ದರೆ ಅದನ್ನು ಹಂಚುವ ಡಿಎಚ್‌ಸಿಪಿ ಸೇವೆಯನ್ನು ವಿಚಾರಿಸಬೇಕು. ವಿಳಾಸ ದೊರೆತು, ಕಡತವಿಲ್ಲವೆಂದು ಪರದೆ ಸಾರಿದರೆ ಸರ್ವರಿನಲ್ಲಿ ಬರೆದ ಹೆಸರು ತಪ್ಪಿರಬಹುದು. ಉತ್ತರವೇ ಬಾರದೆ ಕಾಲ ಮೀರಿದರೆ ಕಡತವನ್ನು ಸಾಗಿಸುವ ಟಿಎಫ್‌ಟಿಪಿ ಸೇವೆ ನಿಂತಿರಬಹುದು.