ಹತ್ತು ಸಲ ತೂಗಿದರೆ ಹತ್ತು ಸಾಕ್ಷಿಯೇ?



ಹೊಸ ಗೊಬ್ಬರವನ್ನು ಇಡೀ ತೋಟಕ್ಕೆ ಹಾಕುವ ಮೊದಲು ಸ್ವಲ್ಪ ಜಾಗದಲ್ಲಿ ಪರೀಕ್ಷಿಸುವುದು ಒಳ್ಳೆಯ ಪದ್ಧತಿ. ಆದರೆ ಆ ಪರೀಕ್ಷೆಯ ಲೆಕ್ಕವನ್ನು ಎಷ್ಟು ನಂಬಿ ಹಣ ಸುರಿಯಬಹುದೆಂಬುದೇ ಮುಖ್ಯ ಪ್ರಶ್ನೆ.

ನಮ್ಮ ಯಸಳೂರು ಕಡೆಯ ಒಂದು ಗುಡ್ಡದ ತೋಟವನ್ನೇ ತೆಗೆದುಕೊಳ್ಳೋಣ. ಒಂದು ಮಗ್ಗುಲಿನ ಹತ್ತು ಗಿಡಗಳಿಗೆ ಗೊಬ್ಬರ ಕೊಟ್ಟು, ಇನ್ನೊಂದು ಮಗ್ಗುಲಿನ ಹತ್ತನ್ನು ಹಾಗೆಯೇ ಬಿಟ್ಟು, ಹಣ್ಣು ತೂಗಿದೆವೆನ್ನಿ. ಆ ಹತ್ತು ಗಿಡಗಳಿಗೂ ಒಂದೇ ಮಣ್ಣು, ಒಂದೇ ನೆರಳು, ಒಂದೇ ಹೂಮಳೆ. ಒಂದೇ ಮನೆಯ ಹತ್ತು ಮಂದಿ ಹೇಳಿದ ಸಾಕ್ಷಿಯನ್ನು ಪಂಚಾಯಿತಿಯಲ್ಲಿ ಹತ್ತು ಸಾಕ್ಷಿಯೆಂದು ಎಣಿಸುವುದುಂಟೆ?

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಹಸಂಬಂಧವೆನ್ನುತ್ತಾರೆ. ಸಂಬಂಧವಿಲ್ಲದಿದ್ದರೆ ಅದು 0, ಪೂರ್ತಿ ಒಂದೇ ಆಗಿದ್ದರೆ 1. ಸಹಸಂಬಂಧ 0 ಇದ್ದಾಗ ಹತ್ತು ಗಿಡಗಳ ಸರಾಸರಿಯಲ್ಲಿರುವ ದೋಷ, ಒಂದೇ ಗಿಡ ತೂಗಿದಾಗಿನ ದೋಷದ ಶೇಕಡಾ 32ಕ್ಕೆ ಇಳಿಯುತ್ತದೆ. 0.5 ಇದ್ದರೆ ಶೇಕಡಾ 74ರಲ್ಲೇ ನಿಲ್ಲುತ್ತದೆ. ಹತ್ತು ಗಿಡಗಳ ಬೆಲೆ ಎರಡು ಗಿಡಕ್ಕೂ ಸಾಲದು. ಸಾವಿರ ಗಿಡ ತೂಗಿದರೂ ಅದು ಶೇಕಡಾ 70ಕ್ಕೆ ಇಳಿಯದು. ಒಂದೇ ಸಾಲಿನ ಅಡಿಕೆ ಮರಗಳಿಗೂ ಇದೇ ಲೆಕ್ಕ.

ವರ್ಷಗಳ ವಿಷಯದಲ್ಲಿ ಸಂಬಂಧ ತಿರುವುಮುರುವು. ಅರೇಬಿಕಾ ಒಂದು ವರ್ಷ ತುಂಬಾ ಹೊತ್ತರೆ ಮರುವರ್ಷ ಸೋಲುವುದು ಎಲ್ಲರಿಗೂ ತಿಳಿದದ್ದೇ. ಆದ್ದರಿಂದ ಒಂದೇ ವರ್ಷದ ಹೋಲಿಕೆ ಮೋಸ ಮಾಡೀತು. ಎರಡು ವರ್ಷದ ಫಸಲು ಕೂಡಿಸಿದರೆ ಆ ಏರಿಳಿತ ಬಹುಮಟ್ಟಿಗೆ ಕಳೆಯುತ್ತದೆ.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರಕ್ಕೆ 1919ರಲ್ಲಿ ಸೇರಿದ ಆರ್. ಎ. ಫಿಷರ್ ಇದಕ್ಕೆ ದಾರಿ ತೋರಿಸಿದರು. 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಂಥ ಕಡೆಗಳಲ್ಲಿ ಪ್ರಯೋಗದ ತಾಕುಗಳನ್ನು ಹಲವು ಬಾರಿ ಪುನರಾವರ್ತಿಸುವುದು ಇದಕ್ಕಾಗಿಯೇ. ನಾವೂ ಹೀಗೆ ಮಾಡಬಹುದು:

1. ತೋಟದ ಬೇರೆ ಬೇರೆ ಕಡೆ ಆರು ಜೋಡಿ ತಾಕು ಗುರುತಿಸಿ. ಪ್ರತಿ ಜೋಡಿಯ ಎರಡು ತಾಕುಗಳೂ ಒಂದೇ ತೆರನಾಗಿರಲಿ.

2. ಯಾವ ತಾಕಿಗೆ ಗೊಬ್ಬರವೆಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ. ಚೆನ್ನಾಗಿರುವ ತಾಕನ್ನು ನಾವೇ ಆರಿಸಬಾರದು.

3. ನಡುವೆ ಒಂದು ಸಾಲು ಬಿಡಿ. ತಾಕಿನ ಹಣ್ಣನ್ನೆಲ್ಲ ಒಟ್ಟಿಗೆ ತೂಗಿ; ಒಂದು ತಾಕಿಗೆ ಒಂದೇ ಅಂಕಿ ಬರೆಯಿರಿ.

4. ಎರಡು ಫಸಲು ಕೂಡಿಸಿ, ಜೋಡಿ ಜೋಡಿಯಾಗಿ ವ್ಯತ್ಯಾಸ ನೋಡಿ.

ಆರಕ್ಕೆ ಆರೂ ಜೋಡಿಯಲ್ಲಿ ಗೊಬ್ಬರವೇ ಗೆದ್ದರೆ, ಗೊಬ್ಬರದಿಂದ ಪ್ರಯೋಜನವೇ ಇಲ್ಲದಿದ್ದಾಗ ಬರಿಯ ಅದೃಷ್ಟದಿಂದ ಹೀಗಾಗುವ ಸಂಭವ 64ರಲ್ಲಿ 1 ಮಾತ್ರ. ಖರ್ಚಿಗೂ ಮೀರಿ ಹಣ್ಣು ಬಂದಿದ್ದರೆ ಧೈರ್ಯವಾಗಿ ಕೊಳ್ಳಬಹುದು. ನಾಲ್ಕು ಗೆದ್ದು ಎರಡು ಸೋತರೆ ಇನ್ನೆರಡು ಫಸಲು ಕಾಯುವುದೇ ಲೇಸು. ಸಾಲ ತಂದು ಗೊಬ್ಬರ ಹಾಕುವ ಸಣ್ಣ ಹಿಡುವಳಿದಾರನಿಗೆ ಈ ತಾಳ್ಮೆಯೂ ಒಂದು ಉಳಿತಾಯವೇ.