ಸರೋವರ ನೋಡುವ ಮೊದಲು ಎರಡು ದಿನ ಸುಮ್ಮನಿರಿ

ಹೊಸಬಾಳೆಯಲ್ಲಿ ಮಗ್ರಿಬ್ ನಮಾಝ್ ಮುಗಿಸಿ ಹೊರಬಂದಾಗ, ಹಿಂದೆ ನನ್ನ ಬಳಿ ಮದ್ರಸ ಕಲಿತ ಹುಡುಗನೊಬ್ಬ ಮೊಬೈಲ್ ತೋರಿಸಿದ. ನೀಲಿ ನೀರು, ಸುತ್ತ ಬೋಳು ಬೆಟ್ಟ. "ಉಸ್ತಾದ್, ಇದು ಲಡಾಖಿನ ಪ್ಯಾಂಗಾಂಗ್ ಸರೋವರ. ನಾವು ನಾಲ್ಕು ಜನ ಹೋಗ್ತಿದ್ದೇವೆ. ರಜೆ ಐದೇ ದಿನ. ದೆಹಲಿಯಿಂದ ಲೇಹ್‌ಗೆ ವಿಮಾನ, ಮರುದಿನ ಬೆಳಗ್ಗೆಯೇ ಸರೋವರ" ಅಂದ. "ಉಸ್ತಾದರನ್ನು ಒಮ್ಮೆ ಕೇಳು" ಎಂದು ಅವನ ಉಮ್ಮ ಹೇಳಿದ್ದರಂತೆ. ನಾನೂ ಅಲ್ಲಿಗೆ ಹೋದವನಲ್ಲ. ಹೋಗಿಬಂದವರನ್ನು, ಪರಿಚಯದ ವೈದ್ಯರನ್ನು ವಿಚಾರಿಸಿದೆ.

ನಮ್ಮ ರಾಜ್ಯದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಪ್ಯಾಂಗಾಂಗ್ 4,200 ಮೀಟರಿಗೂ ಮೇಲೆ, ದಾರಿಯಲ್ಲಿ ಸಿಗುವ ಚಾಂಗ್ ಲಾ 5,300 ಮೀಟರಿಗೂ ಮೇಲೆ. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಲೇಹ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕರಾವಳಿಯಲ್ಲಿ ಸಿಗುವುದರ ಮೂರನೇ ಎರಡು ಭಾಗ ಮಾತ್ರ. ವಿಮಾನದಲ್ಲಿ ಹೋದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಇರುವುದಿಲ್ಲ. ಆದ್ದರಿಂದ ಮೊದಲ 48 ಗಂಟೆ ಲೇಹ್‌ನಲ್ಲೇ ವಿಶ್ರಾಂತಿ ಬೇಕು.

ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಸೂಚನೆ. ಆಗ ಇನ್ನೂ ಮೇಲಕ್ಕೆ ಹೋಗಬಾರದು. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ತೂರಾಡುವ ನಡಿಗೆ, ತೊದಲು ಮಾತು ಕಂಡರೆ ಜೀವಕ್ಕೇ ಅಪಾಯ. ತಕ್ಷಣ ಕೆಳಗಿಳಿಸಿ ಆಸ್ಪತ್ರೆಗೆ ಸೇರಿಸಬೇಕು. ಗಟ್ಟಿಮುಟ್ಟಾದ ಯುವಕರಿಗೂ ಇದು ಬರುತ್ತದೆ. ಆಸ್ತಮಾ, ಹೃದಯದ ತೊಂದರೆ ಇದ್ದವರು ಟಿಕೆಟ್ ಮಾಡುವ ಮೊದಲೇ ವೈದ್ಯರನ್ನು ಕಾಣಲಿ. ಮಾತ್ರೆಯನ್ನೂ ಅವರನ್ನು ಕೇಳಿಯೇ ತೆಗೆದುಕೊಳ್ಳಿ.

ಬೇರೆ ತಯಾರಿಯೂ ಇದೆ. ಸರೋವರ ಚೀನಾ ಗಡಿಯಲ್ಲಿದೆ, ಆಧಾರ್ ಜೊತೆಗಿರಲಿ. ಪರ್ಮಿಟ್ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ವಿಚಾರಿಸಿ. ನಮ್ಮೂರಿನ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಒಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ಬೇಸಿಗೆಯಲ್ಲೂ ರಾತ್ರಿ ಕೊರೆಯುವ ಚಳಿ. ಸರೋವರದ ನೀರು ಉಪ್ಪು, ಕುಡಿಯುವ ನೀರು ಒಯ್ಯಿರಿ.

ಹುಡುಗನ ಮುಖ ಬಾಡಿತು. "ಎರಡು ದಿನ ರೂಮಲ್ಲೇ ಕೂತರೆ ರಜೆ ವೇಸ್ಟ್ ಅಲ್ವಾ ಉಸ್ತಾದ್?" ಅಂದ. ನಾನು ಹೇಳಿದೆ: "ಮುಸಾಫಿರನಿಗೆ ನಾಲ್ಕು ರಕಅತ್ ನಮಾಝನ್ನು ಎರಡಕ್ಕೆ ಇಳಿಸಿ ರಿಯಾಯಿತಿ ಕೊಟ್ಟ ದೀನ್ ನಮ್ಮದು. ನೀನು ನಿನ್ನ ದೇಹಕ್ಕೆ ಎರಡು ದಿನ ರಿಯಾಯಿತಿ ಕೊಡಲಾರೆಯಾ?"

ಈಗ ಅವರು ಎಂಟು ದಿನ ರಜೆ ಕೇಳಿದ್ದಾರೆ. ಸಿಗದಿದ್ದರೆ ಮುಂದಿನ ವರ್ಷ ಹೋಗಲಿ. ಸರೋವರ ಅಲ್ಲೇ ಇರುತ್ತದೆ. ಮಕ್ಕಳು ಕ್ಷೇಮವಾಗಿ ಮನೆಗೆ ಮರಳಿ ಬರಬೇಕು, ಉಮ್ಮಂದಿರಿಗೆ ಬೇಕಾದದ್ದು ಅಷ್ಟೇ.