ಮರಳಿ ಬಂದ ಸೈನಿಕರು: ಗೌರವ, ಸೌಲಭ್ಯ ಮತ್ತು ದಾಖಲೆ

ಯುದ್ಧದಲ್ಲಿ ಮಡಿದ ವೀರನ ಕುಟುಂಬಕ್ಕೆ ಭೂಮಿಯನ್ನು ದತ್ತಿಯಾಗಿ ನೀಡುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಶಾಸನಗಳು ಇದನ್ನು 'ನೆತ್ತರುಗೊಡಗೆ' ಎಂದು ಕರೆದಿವೆ. ಆದರೆ ಯುದ್ಧ ಮುಗಿಸಿ ಜೀವಂತವಾಗಿ ಮರಳಿದ ಸಾಮಾನ್ಯ ಸಿಪಾಯಿಯ ಮುಂದಿನ ಬದುಕಿಗೆ ಸ್ಥಿರವಾದ ವ್ಯವಸ್ಥೆಯೊಂದು ರೂಪುಗೊಂಡದ್ದು ಬಹಳ ತಡವಾಗಿ. ಮೊದಲನೆಯ ಮಹಾಯುದ್ಧದ ನಂತರ 1919ರಲ್ಲಿ ಸ್ಥಾಪನೆಯಾದ ಭಾರತೀಯ ಸೈನಿಕರ ಮಂಡಳಿಯು ಹಲವು ಬಾರಿ ಹೆಸರು ಬದಲಾಗಿ, 1975ರಿಂದ ಕೇಂದ್ರೀಯ ಸೈನಿಕ ಮಂಡಳಿಯಾಗಿ ಕಾರ್ಯನಿರ್ವಹಿಸುತ್ತಿದೆ. ಕರ್ನಾಟಕದಲ್ಲಿ ಈ ಕಾರ್ಯವನ್ನು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯು ನಿರ್ವಹಿಸುತ್ತದೆ.

ಸಮಾಜವು ಸೈನಿಕರನ್ನು ಬರಮಾಡಿಕೊಳ್ಳುವ ರೀತಿ ಎಲ್ಲ ಕಾಲದಲ್ಲೂ ಒಂದೇ ಆಗಿರುವುದಿಲ್ಲ. 1999ರ ಕಾರ್ಗಿಲ್ ಕಾರ್ಯಾಚರಣೆಯ ನಂತರ ದೇಶದಾದ್ಯಂತ ಸೈನಿಕರಿಗೆ ಸನ್ಮಾನಗಳು ನಡೆದವು. ಅದಕ್ಕೆ ಒಂಬತ್ತು ವರ್ಷ ಹಿಂದೆ, 1990ರ ಮಾರ್ಚ್‌ನಲ್ಲಿ, ಶ್ರೀಲಂಕೆಗೆ ತೆರಳಿದ್ದ ಭಾರತೀಯ ಶಾಂತಿಪಾಲನಾ ಪಡೆಯ ಕೊನೆಯ ತುಕಡಿಗಳು ಮದರಾಸು ಬಂದರಿನಲ್ಲಿ ಇಳಿದಾಗ ಅಂದಿನ ತಮಿಳುನಾಡು ಮುಖ್ಯಮಂತ್ರಿಗಳು ಸ್ವಾಗತಕ್ಕೆ ಹೋಗಲಿಲ್ಲ. ಆ ಕಾರ್ಯಾಚರಣೆಯಲ್ಲಿ ಸಾವಿರಕ್ಕೂ ಹೆಚ್ಚು ಯೋಧರು ಪ್ರಾಣ ತೆತ್ತಿದ್ದರು. ಯುದ್ಧದ ಬಗ್ಗೆ ಜನರ ಅಭಿಪ್ರಾಯ ಏನೇ ಇದ್ದರೂ ಅದರ ಭಾರ ಯುದ್ಧಕ್ಕೆ ಹೋದವನ ಮೇಲೆ ಬೀಳಬಾರದು. ನಿಯಮಗಳಲ್ಲಿ ಈ ಭೇದವಿಲ್ಲ. ಎರಡೂ ಕಡೆ ಸೇವೆ ಸಲ್ಲಿಸಿದವರು ಪಿಂಚಣಿಯೊಂದಿಗೆ ನಿವೃತ್ತರಾಗಿದ್ದಲ್ಲಿ ಸಮಾನವಾಗಿ 'ಮಾಜಿ ಸೈನಿಕರು' ಎಂದೇ ಪರಿಗಣಿಸಲ್ಪಡುತ್ತಾರೆ.

ಬೆಂಗಳೂರಿನ ದಂಡು ಪ್ರದೇಶ, ಹಲಸೂರು, ಅಗರಂ ಮುಂತಾದ ಪೂರ್ವ ಭಾಗದಲ್ಲಿ ಸೇನೆಯ ಇರುವಿಕೆ ಎಲ್ಲರ ಕಣ್ಣಿಗೆ ಕಾಣುವಂತಹುದು. ನಗರದ ಪಶ್ಚಿಮ ಭಾಗದ ಸ್ಥಿತಿ ಬೇರೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರ ಇವೆಲ್ಲ ಕಾರ್ಮಿಕರು ಮತ್ತು ನೌಕರರು ನೆಲೆಸಿದ ಬಡಾವಣೆಗಳು. ಇಲ್ಲಿರುವ ಮಾಜಿ ಸೈನಿಕರಲ್ಲಿ ಅನೇಕರು ಹಾಸನ, ಕೊಡಗು, ಬೆಳಗಾವಿ, ಮಂಡ್ಯ ಮುಂತಾದ ಜಿಲ್ಲೆಗಳಿಂದ ಎರಡನೆಯ ಉದ್ಯೋಗ ಮತ್ತು ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಬಂದವರು. ಸಮವಸ್ತ್ರ ಕಳಚಿದ ಮೇಲೆ ಅವರು ನೆರೆಹೊರೆಯವರಿಗೆ ಪೀಣ್ಯದ ಕಾರ್ಖಾನೆಯ ಕಾವಲುಗಾರರಾಗಿಯೋ ಬ್ಯಾಂಕಿನ ಭದ್ರತಾ ಸಿಬ್ಬಂದಿಯಾಗಿಯೋ ಮಾತ್ರ ಪರಿಚಿತರು.

ಸಿಪಾಯಿಯೊಬ್ಬರು ಸಾಮಾನ್ಯವಾಗಿ ನಲವತ್ತರ ಆಸುಪಾಸಿನಲ್ಲಿಯೇ ನಿವೃತ್ತರಾಗುವುದರಿಂದ ಎರಡನೆಯ ಉದ್ಯೋಗ ಅನಿವಾರ್ಯ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಶೇ. 10ರಷ್ಟು ಹುದ್ದೆಗಳನ್ನು ಮಾಜಿ ಸೈನಿಕರಿಗೆ ಮೀಸಲಿಡಲಾಗಿದ್ದು, ವಯೋಮಿತಿಯಲ್ಲಿ ಸಡಿಲಿಕೆ ಇರುತ್ತದೆ. ಕೇಂದ್ರ ಸರ್ಕಾರದ ಗ್ರೂಪ್ 'ಸಿ' ಹುದ್ದೆಗಳಲ್ಲಿಯೂ ಶೇ. 10ರಷ್ಟು ಮೀಸಲಾತಿ ಇದ್ದು, ಮೆಟ್ರಿಕ್ ತೇರ್ಗಡೆಯಾಗಿ 15 ವರ್ಷ ಸೇವೆ ಸಲ್ಲಿಸಿದವರನ್ನು ನಿಯಮಾನುಸಾರ ಪದವಿಗೆ ಸಮಾನರೆಂದು ಪರಿಗಣಿಸಲಾಗುತ್ತದೆ. ಖಾಸಗಿ ಭದ್ರತಾ ಸಂಸ್ಥೆಗಳ 2005ರ ಕಾಯ್ದೆಯೂ ಕಾವಲುಗಾರರ ನೇಮಕದಲ್ಲಿ ಮಾಜಿ ಸೈನಿಕರಿಗೆ ಆದ್ಯತೆ ನೀಡಲು ಅವಕಾಶ ಕಲ್ಪಿಸಿದೆ. ಆದಾಗ್ಯೂ ರೇಡಾರ್ ದುರಸ್ತಿ ಬಲ್ಲವರೂ ಗೇಟಿನ ಬಳಿ ನೋಂದಣಿ ಪುಸ್ತಕ ಹಿಡಿದು ಕೂರುವಂತಾಗುವುದು ಸಮಾಜಕ್ಕೇ ಆಗುವ ನಷ್ಟ.

ವೈದ್ಯಕೀಯ ಸೌಲಭ್ಯಕ್ಕಾಗಿ ಇ.ಸಿ.ಎಚ್.ಎಸ್. ಎಂದು ಪರಿಚಿತವಾಗಿರುವ ಯೋಜನೆಯು 1-4-2003ರಿಂದ ಜಾರಿಯಲ್ಲಿದೆ. ತುರ್ತು ಸಂದರ್ಭದಲ್ಲಿ ಯೋಜನೆಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ದಾಖಲಾದಲ್ಲಿ 48 ಗಂಟೆಗಳೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸತಕ್ಕದ್ದು. ಪಿಂಚಣಿ ಇಲ್ಲದ, 65 ವರ್ಷ ಮೀರಿದ, ಹವಾಲ್ದಾರ್ ದರ್ಜೆಯವರೆಗಿನವರಿಗೆ ಕೇಂದ್ರೀಯ ಸೈನಿಕ ಮಂಡಳಿಯು ನೀಡುವ ಮಾಸಿಕ ಸಹಾಯಧನವನ್ನು 1-11-2025ರಿಂದ ರೂ. 4,000ದಿಂದ ರೂ. 8,000ಕ್ಕೆ ಹೆಚ್ಚಿಸಲಾಗಿದೆ.

ಇಷ್ಟೆಲ್ಲ ಸೌಲಭ್ಯಗಳಿದ್ದರೂ ಅವು ಅರ್ಹರಿಗೆ ತಲುಪದಿರಲು ದೊಡ್ಡ ಕಾರಣ ದಾಖಲೆಗಳು. ನಿವೃತ್ತರಾದಾಗ ತವರು ಜಿಲ್ಲೆಯಲ್ಲಿ ಹೆಸರು ನೋಂದಾಯಿಸಿ ನಂತರ ಬೆಂಗಳೂರಿಗೆ ಬಂದವರು ನೋಂದಣಿಯನ್ನು ವರ್ಗಾಯಿಸಿಕೊಳ್ಳದಿದ್ದಲ್ಲಿ, ಅವರು ಇಲ್ಲಿರುವ ವಿಷಯವೇ ಇಲ್ಲಿನ ಕಛೇರಿಗೆ ತಿಳಿಯುವುದಿಲ್ಲ. ಎರಡನೆಯದು ಹೆಸರಿನ ತೊಡಕು. ನಮ್ಮಲ್ಲಿ ಊರು ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಹೆಸರಿನೊಂದಿಗೆ ಬರೆಯುವುದು ರೂಢಿ. ಸೇನೆಗೆ ಸೇರುವಾಗ ಗುಮಾಸ್ತರು ಅವುಗಳನ್ನು ತಮಗೆ ತೋಚಿದಂತೆ ವಿಸ್ತರಿಸಿರುತ್ತಾರೆ ಅಥವಾ ಬಿಟ್ಟಿರುತ್ತಾರೆ. ಡಿಸ್‌ಚಾರ್ಜ್ ಪುಸ್ತಕದಲ್ಲಿ ಒಂದು, ಆಧಾರ್ ಕಾರ್ಡಿನಲ್ಲಿ ಇನ್ನೊಂದು, ಬ್ಯಾಂಕ್ ಖಾತೆಯಲ್ಲಿ ಮತ್ತೊಂದು ಹೆಸರಿದ್ದರೆ, ರಕ್ಷಣಾ ಪಿಂಚಣಿಯ 'ಸ್ಪರ್ಶ್' ಗಣಕೀಕೃತ ವ್ಯವಸ್ಥೆಯಲ್ಲಿ ಅವು ಹೊಂದಾಣಿಕೆಯಾಗುವುದು ಕಷ್ಟ.

ಇದರ ಪರಿಣಾಮ ಹೆಚ್ಚಾಗಿ ಬೀಳುವುದು ಸೈನಿಕನ ಪತ್ನಿಯ ಮೇಲೆ. ಸೇವೆಯಲ್ಲಿರುವಾಗ ವಿವಾಹವಾದರೆ ಅದು ಘಟಕದ ಪಾರ್ಟ್-2 ಆದೇಶದಲ್ಲಿ ಪ್ರಕಟವಾಗಿ ದಾಖಲೆಗೆ ಸೇರಬೇಕು. ರಜೆಯಲ್ಲಿ ಊರಿಗೆ ಬಂದು ಮದುವೆಯಾಗಿ, ಗಡಿಗೆ ಹಿಂದಿರುಗಿದ ಮೇಲೆ ಇದನ್ನು ಮರೆತವರು ಉಂಟು. ಗಂಡ ಬದುಕಿರುವಷ್ಟು ದಿನ ಇದು ಯಾರ ಗಮನಕ್ಕೂ ಬರುವುದಿಲ್ಲ. ಆತ ತೀರಿಕೊಂಡ ಮೇಲೆ, ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯು ತಾನು ಹೆಂಡತಿಯೆಂದು ರುಜುವಾತುಪಡಿಸಬೇಕಾಗುತ್ತದೆ. ಅಲ್ಲಿಯವರೆಗೆ ಕುಟುಂಬ ಪಿಂಚಣಿ ಇಲ್ಲ. ಜನ್ಮದಿನಾಂಕವೂ ಅಷ್ಟೇ ಮುಖ್ಯ. ಕುಟುಂಬ ಪಿಂಚಣಿದಾರರಿಗೆ 80 ವರ್ಷ ತುಂಬಿದಾಗ ಶೇ. 20, 85ಕ್ಕೆ ಶೇ. 30, 90ಕ್ಕೆ ಶೇ. 40ರಷ್ಟು ಹೆಚ್ಚುವರಿ ಪಿಂಚಣಿ ದೊರೆಯುತ್ತದೆ. ಶಾಲೆಗೆ ಹೋಗದ, ಜನನ ಪತ್ರವಿಲ್ಲದ ಹಿರಿಯ ಮಹಿಳೆಯರ ಜನ್ಮದಿನಾಂಕವು ದಾಖಲೆಯಲ್ಲಿ ಇಲ್ಲದಿದ್ದರೆ ಈ ಮೊತ್ತ ತಾನಾಗಿ ಸೇರುವುದಿಲ್ಲ.

ಆದುದರಿಂದ ಪತಿ ಜೀವಂತವಾಗಿರುವಾಗಲೇ ಪಿಂಚಣಿ ಪಾವತಿ ಆದೇಶದಲ್ಲಿ ಪತ್ನಿಯ ಹೆಸರು ಮತ್ತು ಜನ್ಮದಿನಾಂಕವನ್ನು ಪರಿಶೀಲಿಸಿ, ವ್ಯತ್ಯಾಸವಿದ್ದಲ್ಲಿ ಪ್ರಮಾಣಪತ್ರ ಹಾಗೂ ಆಧಾರ್ ಪ್ರತಿಯೊಂದಿಗೆ ಸಂಬಂಧಿಸಿದ ದಾಖಲೆ ಕಛೇರಿಗೆ ಅರ್ಜಿ ಸಲ್ಲಿಸತಕ್ಕದ್ದು. ಮರಾಠಾ ಲಘು ಪದಾತಿದಳದವರಿಗೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ನವರಿಗೆ ಬೆಂಗಳೂರು, ಇ.ಎಂ.ಇ.ಯವರಿಗೆ ಸಿಕಂದರಾಬಾದ್, ಸಿಗ್ನಲ್ಸ್‌ನವರಿಗೆ ಜಬಲ್ಪುರದಲ್ಲಿ ದಾಖಲೆ ಕಛೇರಿಗಳಿವೆ. ಖುದ್ದಾಗಿ ಅಲ್ಲಿಗೆ ಪ್ರಯಾಣಿಸುವ ಅಗತ್ಯವಿಲ್ಲ. ಜಿಲ್ಲಾ ಸೈನಿಕ ಕಲ್ಯಾಣ ಕಛೇರಿಯ ಮೂಲಕವೇ ಅರ್ಜಿಯನ್ನು ಕಳುಹಿಸಬಹುದಾಗಿದೆ. ಕೆಂಗೇರಿ, ವಿಜಯನಗರ ಭಾಗದವರು ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ರಸ್ತೆಯಲ್ಲಿರುವ ಇಲಾಖೆಯ ಭವನಕ್ಕೆ ಬರಲು ನೇರಳೆ ಮಾರ್ಗದ ಮೆಟ್ರೋ ರೈಲಿನಲ್ಲಿ ಎಂ.ಜಿ. ರಸ್ತೆ ನಿಲ್ದಾಣದಲ್ಲಿ ಇಳಿಯಬಹುದು. ಬರುವಾಗ ಡಿಸ್‌ಚಾರ್ಜ್ ಪುಸ್ತಕದ ಮೂಲ ಪ್ರತಿಯನ್ನು ತರತಕ್ಕದ್ದು, ಸಾಧ್ಯವಾದಲ್ಲಿ ಪತ್ನಿಯನ್ನೂ ಜೊತೆಗೆ ಕರೆತರುವುದು ಒಳಿತು.